ಬಾತಮ್ಮ ಬಾಯಿ ತೆರೆದಾಗ

ಸಿನಿಮಾದಲ್ಲಿ ನಾಯಕ ಮೆಟ್ಟಿಲು ಹತ್ತುವಾಗ ಕೇಳಿಸುವ ಬೂಟಿನ ಸದ್ದು ನಾಯಕನ ಬೂಟಿನದಲ್ಲ. ಅವನು ಹತ್ತುವ ಹೊತ್ತಿಗೆ ಸುತ್ತ ಐವತ್ತು ಜನ ಕೆಮ್ಮುತ್ತಿರುತ್ತಾರೆ, ಜನರೇಟರ್ ಗುರುಗುಡುತ್ತಿರುತ್ತದೆ. ಆ ಸದ್ದು ಯಾರಿಗೂ ಬೇಡ. ಎರಡು ತಿಂಗಳ ಮೇಲೆ, ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ, ಹೊಟ್ಟೆ ಮುಂದೆ ಬಂದ ಮನುಷ್ಯನೊಬ್ಬ ಪರದೆಯ ಮೇಲೆ ಕಣ್ಣಿಟ್ಟು, ಹಲಗೆಯ ಮೇಲೆ ನಿಂತಲ್ಲೇ ಹೆಜ್ಜೆ ಹಾಕುತ್ತಾನೆ. ನಾಯಕನೂ ಅವನೇ, ನಾಯಕಿಯ ಹೈಹೀಲ್ಡ್ ಚಪ್ಪಲಿಯೂ ಅವನೇ, ಕುದುರೆಯೂ ಅವನೇ. ಮುತ್ತಿನ ದೃಶ್ಯ ಬಂದರೆ ತನ್ನ ಮುಂಗೈಗೆ ತಾನೇ ಮುತ್ತಿಟ್ಟುಕೊಳ್ಳುತ್ತಾನೆ. ಪ್ರೇಮಿಗಳೆಲ್ಲ ಮೈಮರೆತು ಕೇಳಿದ ಮುತ್ತು ಐವತ್ತೆರಡು ವರ್ಷದ ಗಂಡಸಿನ ಕೂದಲು ತುಂಬಿದ ಮುಂಗೈಯದು.

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಸದ್ದಣ್ಣ ಎಂದೇ ಕರೆಯುವುದು. ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಯಾರಿಗೂ ಅವನ ಸ್ವಂತ ಹೆಸರು ಬೇಕಾಗಿಲ್ಲ. ಅವನಿಗೂ ಬೇಕಾಗಿಲ್ಲ.

ಆ ಕಸುಬು ಅವನಿಗೆ ಚಿಕ್ಕಂದಿನಲ್ಲೇ ಅಂಟಿಕೊಂಡದ್ದು. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಎಂಟು ವರ್ಷ ದೊಡ್ಡವಳಾದ ಅಕ್ಕ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು, ಬೀದಿಯವರ ಪ್ಯಾಂಟು, ಫ್ರಾಕು, ದಿಂಬಿನ ಚೀಲ ಹೊಲಿದು ಅವನ ಹೊಟ್ಟೆ ತುಂಬಿಸಿದವಳು. ಇವನೋ ಒಳಗೆ ಕೂತು ಬಾಯಲ್ಲೇ ಬಾಗಿಲ ಗಂಟೆ ಬಾರಿಸುವನು. ಅಕ್ಕ ಯಂತ್ರದಿಂದ ಕಾಲು ತೆಗೆದು, ಬಟ್ಟೆ ಬದಿಗಿಟ್ಟು, ಎದ್ದು ಬಾಗಿಲು ತೆರೆದರೆ ಹೊರಗೆ ಯಾರೂ ಇಲ್ಲ. ಮೂರನೇ ಸಲ ಅಳತೆಪಟ್ಟಿಯಲ್ಲಿ ಎರಡು ಬಿದ್ದವು. ನಾಲ್ಕನೇ ಸಲ ಗಂಟೆಯಾದಾಗ ಅಕ್ಕ ಏಳಲೇ ಇಲ್ಲ. ನಿಜವಾಗಿ ಬಂದಿದ್ದ ಗಿರಾಕಿ ಅರ್ಧ ಗಂಟೆ ಕಾದು, ಬಯ್ದುಕೊಂಡು ಹೋದ. ಈ ಕತೆಯನ್ನು ಅಕ್ಕ ಮುಂದೆ ಅದೆಷ್ಟು ಜನರಿಗೆ ಹೇಳಿದಳೋ. ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು. ನನ್ನ ತಮ್ಮ ಮಾಡಿದ ಸುಳ್ಳು ಗಂಟೆ ನಿಜದ ಗಂಟೆಗಿಂತ ಚೆನ್ನಾಗಿತ್ತು ಎನ್ನುವಂಥ ಹೆಮ್ಮೆ.

ಹದಿನೆಂಟರಲ್ಲಿ ಅವನು ಸ್ಟುಡಿಯೋದ ಮುದುಕ ಮೇಷ್ಟ್ರ ಕೈಕೆಳಗೆ ಸೇರಿದ. ಮೇಷ್ಟ್ರು ಎರಡೇ ಪಾಠ ಹೇಳಿದರು. ಒಂದು: "ಸದ್ದು ಪೂರ್ತಿ ಸಾಯೋವರೆಗೆ ರೆಕಾರ್ಡರ್ ನಿಲ್ಲಿಸೋ ಗುಂಡಿ ಮುಟ್ಟಬೇಡ. ಮನೆ ಬಿದ್ರೂ ಸರಿ, ಬೀಳೋ ಸದ್ದು ಸಿಕ್ತು ಅಂದ್ಕೋ." ಇನ್ನೊಂದು ಚೀಟಿ ಬರೆಯುವ ಪಾಠ. "ಡಬ್ಬಿ ಮೇಲೆ ಅದು ಏನು ಅಂತ ಬರೀಬೇಡ ಕಣೋ. ಅದು ಏನಾಗಬಹುದು ಅಂತ ಬರಿ." ಹಾಗಾಗಿ ಅವರ ಬೀರುವಿನಲ್ಲಿ ಕ್ಯಾರೆಟ್ ಮುರಿದದ್ದು 'ಮೂಳೆ, ಮುಂಗೈ' ಎಂದಾಗಿತ್ತು. ಒದ್ದೆ ಟವೆಲ್ಲು ನೆಲಕ್ಕೆ ಬಡಿದದ್ದು 'ಏಟು, ಹೊಟ್ಟೆಗೆ'. ಜೋಳದ ಹಿಟ್ಟಿನ ಚೀಲ ಹಿಸುಕಿದ್ದು 'ಹಿಮದಲ್ಲಿ ನಡಿಗೆ'. ಯಾವುದು ಎಲ್ಲಿಂದ ಬಂತು ಎನ್ನುವುದು ಡಬ್ಬಿಯೊಳಗೆ ಹೋದ ದಿನವೇ ಅಳಿಸಿಹೋಗಬೇಕು. ಕಸುಬಿಗೆ ಅದು ಬಲು ಅನುಕೂಲದ ಪಾಠ. ಮನುಷ್ಯನಿಗೆ ಎಂಥ ಪಾಠ ಎಂದು ಮೇಷ್ಟ್ರೂ ಕೇಳಿಕೊಳ್ಳಲಿಲ್ಲ, ಶಿಷ್ಯನೂ ಕೇಳಿಕೊಳ್ಳಲಿಲ್ಲ.

ಅಕ್ಕನ ಗಂಡ ಲಿಫ್ಟ್ ರಿಪೇರಿಯವನು. ಮಾತಿಗಿಂತ ನಗು ಜಾಸ್ತಿ. ಭಾವಮೈದುನ ಮನೆಗೆ ಬಂದರೆ "ಬಂತಪ್ಪ ಕದಿಯೋ ಪೆಟ್ಟಿಗೆ" ಎಂದು ರೆಕಾರ್ಡರ್ ನೋಡಿ ರೇಗಿಸುವವನು. ಇಪ್ಪತ್ತಾರು ವರ್ಷದ ಹಿಂದೆ ಒಂದು ಮಂಗಳವಾರ, ಯಾವುದೋ ಚಿತ್ರದ ದರ್ಜಿಯ ಪಾತ್ರಕ್ಕೆಂದು ಹೊಲಿಗೆ ಯಂತ್ರದ ಸದ್ದು ಹಿಡಿಯಲು ಸದ್ದಣ್ಣ ಅಕ್ಕನ ಮನೆಗೆ ಬಂದ. ಯಂತ್ರದ ಪಕ್ಕ ಮೈಕು ನಿಲ್ಲಿಸಿ, ಕೇಬಲ್ಲನ್ನು ಬಾಗಿಲ ಕೆಳಗಿಂದ ಎಳೆದು, ತಾನು ಅಡುಗೆಮನೆಯಲ್ಲಿ ಬಾಗಿಲು ಮುಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ. ರೀಲು ತಿರುಗತೊಡಗಿತು. ಅಕ್ಕ ಹೊಲಿದಳು. ನಡುವೆ ಫೋನು ಬಡಿದುಕೊಂಡಿತು. ಯಂತ್ರ ನಿಂತಿತು. ಅಕ್ಕ "ಹಲೋ" ಎಂದಳು. "ಹೌದು, ನಾನೇ" ಎಂದಳು. ಆಮೇಲೆ ಅವಳ ಗಂಟಲಿಂದ ಒಂದು ಕೂಗು ಬಂತು.

ಭಾವ ಐದನೇ ಮಹಡಿಯಿಂದ ಲಿಫ್ಟಿನ ಗುಂಡಿಗೆ ಬಿದ್ದಿದ್ದ.

ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ರೀಲು ಉಳಿದದ್ದು ಯಾರಿಗೂ ಗೊತ್ತಿರಲಿಲ್ಲ. ಅಂತ್ಯಕ್ರಿಯೆಯೆಲ್ಲ ಮುಗಿದು, ಹತ್ತು ದಿನದ ಮೇಲೆ ಕೆಲಸಕ್ಕೆ ಮರಳಿದ ಸದ್ದಣ್ಣ ಅದನ್ನು ಒರೆಸಿಹಾಕಬೇಕೆಂದೇ ಯಂತ್ರಕ್ಕೆ ಹಾಕಿದ. ಒಮ್ಮೆ ಕೇಳಿದ. ಒರೆಸಲಿಲ್ಲ. ಹೊಲಿಗೆಯನ್ನೂ ಮಾತನ್ನೂ ಕತ್ತರಿಸಿ ಬೇರೆ ತೆಗೆದಿಟ್ಟು, ಕೂಗೊಂದನ್ನೇ ಸಣ್ಣ ಡಬ್ಬಿಗೆ ಸುತ್ತಿ, ಚೀಟಿ ಅಂಟಿಸಿದ: 'ದೊಡ್ಡ ಹಕ್ಕಿ, ಗಾಬರಿ – ೧'. ಆ ಒಂದನೇ ನಂಬರು ಯಾಕೆ ಹಾಕಿದನೋ. ಅದು ಅಭ್ಯಾಸಬಲ. ಎರಡನೆಯದು ಎಲ್ಲಿಂದ ಬರಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿ ಅವನ ಮೈ ಬೆವತದ್ದುಂಟು.

ಒಂಬತ್ತು ವರ್ಷ ಡಬ್ಬಿ ಬೀರುವಿನಲ್ಲೇ ಇತ್ತು. ಆಮೇಲೆ ಬಾತಮ್ಮ ಬಂದಳು.

'ಬಾತಮ್ಮನ ಅಂಚೆ' ಮಕ್ಕಳ ಧಾರಾವಾಹಿ. ಜೇಡಿಮಣ್ಣಿನ ಗೊಂಬೆಗಳನ್ನು ಕೂದಲೆಳೆಯಷ್ಟೇ ಸರಿಸಿ ಸರಿಸಿ ಚಿತ್ರ ತೆಗೆದು ಮಾಡಿದ್ದು. ಬಾತಮ್ಮ ಎಂಬ ದಪ್ಪ ಬಾತುಕೋಳಿ ನೀಲಿ ಟೋಪಿ ಇಟ್ಟುಕೊಂಡು, ಬೀಳುತ್ತಾ ಏಳುತ್ತಾ ಊರಿಗೆಲ್ಲ ಕಾಗದ ಹಂಚುತ್ತಾಳೆ. ಆಮೆಗೆ ಬಂದದ್ದು ಮೊಲಕ್ಕೆ ಹೋಗುತ್ತದೆ, ಮೊಲದ್ದು ಬಾವಿಗೆ ಬೀಳುತ್ತದೆ. ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದವು. ಹತ್ತೊಂಬತ್ತನೇ ಕಂತಿನಲ್ಲಿ ಬಾತಮ್ಮ ದಿನವಿಡೀ ಒಂದು ಕಾಗದ ಹಿಡಿದು ಅಲೆದು, ವಿಳಾಸದ ಮನೆ ಸಿಗದೆ, ಕೊನೆಗೆ ಕನ್ನಡಕ ಹಾಕಿ ನೋಡಿದರೆ ಅದು ತನಗೇ ಬಂದದ್ದು! ಒಡೆದು ಓದುತ್ತಾಳೆ. 'ನೀವು ಕಾಗದಗಳನ್ನು ತಡವಾಗಿ ತಲುಪಿಸುತ್ತಿದ್ದೀರಿ' ಎಂದು ಮೇಲಧಿಕಾರಿ ಬಯ್ದಿರುತ್ತಾನೆ. ಬಾತಮ್ಮ ಗಾಬರಿಯಿಂದ ಕೊಕ್ಕು ತೆರೆದು ಅರಚುತ್ತಾಳೆ. ನಗಬೇಕು. ಅಷ್ಟೇ.

ಸದ್ದಣ್ಣ ಹದಿನಾಲ್ಕು ಬಗೆಯಲ್ಲಿ ಅರಚಿದ. ರಬ್ಬರಿನ ಹಾರ್ನು ಒತ್ತಿದ, ಬಲೂನು ಉಜ್ಜಿದ, ನಿಜದ ಬಾತುಕೋಳಿಯನ್ನೇ ತರಿಸಿದ. ಅದು ಪರದೆ ನೋಡಿಕೊಂಡು ಕುಳಿತು ಉಸಿರೇ ಬಿಡಲಿಲ್ಲ.

"ಕೂರ್ತಾ ಇಲ್ಲ ಸದ್ದಣ್ಣ," ಎಂದರು ನಿರ್ದೇಶಕರು. ಹದಿನಾಲ್ಕನೇ ಲೋಟ ಟೀ ಅವರ ಕೈಯಲ್ಲಿತ್ತು. "ಅವಳ ಬಾಯಿ ಅಷ್ಟಗಲ ತೆರೀತದೆ, ನಿನ್ನ ಸದ್ದು ಸೊಳ್ಳೆ ಥರ ಇದೆ. ನಾಳೆ ಬೆಳಗ್ಗೆ ಕಂತು ಹೋಗ್ಬೇಕು, ಏನಾದ್ರೂ ಮಾಡಪ್ಪ."

ಬೀರುವಿನಲ್ಲಿ ಹಕ್ಕಿಗಳ ಸಾಲು ಹುಡುಕುವಾಗ ತನ್ನದೇ ಅಕ್ಷರ ಕಣ್ಣಿಗೆ ಬಿತ್ತು. ಮರೆತೇಬಿಟ್ಟಿದ್ದೆ, ಅಕಸ್ಮಾತ್ತಾಗಿ ಕೈಗೆ ಸಿಕ್ಕಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸುಳ್ಳು. ಆ ಡಬ್ಬಿ ಮೂರನೇ ಅರೆಯ ಎಡತುದಿಯಲ್ಲಿದೆ ಎನ್ನುವುದು ಅವನಿಗೆ ಒಂಬತ್ತು ವರ್ಷವೂ ಗೊತ್ತಿತ್ತು. ಸುಮ್ಮನೆ ಹಾಕಿ ನೋಡೋಣ, ಆಮೇಲೆ ತೆಗೆದರಾಯಿತು ಎಂದುಕೊಂಡ.

ಮಣ್ಣಿನ ಬಾತು ಕೊಕ್ಕು ತೆರೆಯಿತು. ಕೂಗು ಬಂತು. ಎರಡೂ ಒಂದಕ್ಕೊಂದು ಅಳತೆ ತೆಗೆದು ಹೊಲಿದ ಹಾಗೆ ಕೂತವು.

ನಿರ್ದೇಶಕರ ಟೀ ಲೋಟ ತುಟಿಯ ಹತ್ತಿರವೇ ನಿಂತಿತು. ಅದನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದರು. "ಇದನ್ನ ಹೇಗೆ ಮಾಡಿದೆ?"

"ಒದ್ದೆ ಚರ್ಮ ಸಾರ್. ಮಡಕೆ ಬಾಯಿಗೆ ಬಿಗಿದು ಹೆಬ್ಬೆರಳಲ್ಲಿ ಎಳೆದೆ." ನಾಲಿಗೆ ತಡವರಿಸಲೂ ಇಲ್ಲ. ಬೇರೆ ಸದ್ದುಗಳನ್ನು ಹಾಗೆಲ್ಲ ಮಾಡಿದವನೇ ತಾನೆ.

ಅಂಥ ಕೂಗಿನ ಮೇಲೆ ಮೇಲಧಿಕಾರಿಯ ಬಯ್ಗುಳ ತೋರಿಸಿದರೆ ಯಾರು ನಗುತ್ತಾರೆ? ನಿರ್ದೇಶಕರು ಕಾಗದದಲ್ಲಿದ್ದ ಮಾತನ್ನೇ ಕಿತ್ತುಹಾಕಿದರು. ಪ್ರಸಾರವಾದ ಕಂತಿನಲ್ಲಿ ಇದ್ದದ್ದು ಇಷ್ಟು: ಬಾತಮ್ಮ ಕಾಗದ ಒಡೆಯುತ್ತಾಳೆ. ಏನು ಬರೆದಿದೆ ನಮಗೆ ಕಾಣುವುದಿಲ್ಲ. ಮೂರು ಸೆಕೆಂಡು ಬಾಯಿ ತೆರೆಯುತ್ತಾಳೆ. ಮುಂದಿನ ಚಿತ್ರದಲ್ಲಿ ಟೋಪಿ ಸರಿ ಮಾಡಿಕೊಂಡು ಮತ್ತೆ ಕಾಗದ ಹಂಚುತ್ತಿದ್ದಾಳೆ.

ಭೂತದ ಸಿನಿಮಾಕ್ಕೆ ಹೋಗುವವನು ಹೆದರಲು ಸಿದ್ಧನಾಗಿಯೇ ಹೋಗಿರುತ್ತಾನೆ. ಎದೆಗೆ ಅಗುಳಿ ಹಾಕಿಕೊಂಡಿರುತ್ತಾನೆ. ಹಾಲಿನ ಲೋಟ ಹಿಡಿದು ಬಾತುಕೋಳಿ ನೋಡಲು ಕೂತ ಮಗುವಿನ ಬಾಗಿಲು ಹಾರುಹೊಡೆದಿರುತ್ತದೆ. ಆ ಸಂಜೆ ಎಷ್ಟೋ ಮನೆಗಳಲ್ಲಿ ಲೋಟ ಕೆಳಗೆ ಬಿತ್ತು. ಮಕ್ಕಳು ಬಾತಮ್ಮನ ಚಿತ್ರವಿದ್ದ ಪೆನ್ಸಿಲ್ ಡಬ್ಬಿ ಮುಟ್ಟಲು ಒಲ್ಲೆ ಎಂದವು. ಅಪ್ಪ ಅಮ್ಮಂದಿರ ಪತ್ರಗಳು ಗೋಣಿಗಟ್ಟಲೆ ಬಂದವು. ಮಗುವೊಂದು ಬರೆದದ್ದನ್ನು ಕಚೇರಿಯ ಗುಮಾಸ್ತೆ ಓದಿ ಹೇಳಿದಳು: 'ಬಾತಮ್ಮನಿಗೆ ಏನಾಯಿತು ಎಂದು ದಯವಿಟ್ಟು ಹೇಳಿ. ನಮ್ಮಮ್ಮನಿಗೆ ಹೇಳಿದರೂ ಸಾಕು.' ಎಲ್ಲರೂ ಅಯ್ಯೋ ಎಂದು ನಕ್ಕರು. ಸದ್ದಣ್ಣನೂ ನಕ್ಕ. ನಗುವಿನ ಸದ್ದು ಮಾಡುವುದು ಅವನಿಗೆ ಕಷ್ಟವೇ?

ಪಕ್ಕದ ಸ್ಟುಡಿಯೋಗಳ ಹೊಸಬರು ಮಡಕೆ ಹೊತ್ತು ಅವನ ಹತ್ತಿರ ಪಾಠಕ್ಕೆ ಬಂದರು. ಚರ್ಮ ನೆನೆಸಿ, ಬಿಗಿದು, ಎಳೆದೆಳೆದು ಹೆಬ್ಬೆರಳು ಸುಲಿಸಿಕೊಂಡರು. ಕಪ್ಪೆ ಬಂತು, ಬಾಗಿಲು ಬಂತು, ಒಂದು ಸಲ ಹೊಟ್ಟೆ ಕೆಟ್ಟ ಮನುಷ್ಯ ಬಂದ. ಆ ಕೂಗು ಮಾತ್ರ ಬರಲಿಲ್ಲ. "ಕೈ ಪಳಗಬೇಕಪ್ಪ," ಎಂದು ಸದ್ದಣ್ಣ ಗಂಭೀರವಾಗಿ ಹೇಳಿ ಕಳಿಸುತ್ತಿದ್ದ. ಹಾಗೆ ಹೇಳಿದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೂ ಹೇಳುವುದನ್ನು ಬಿಡಲಿಲ್ಲ.

ಭಾನುವಾರದ ಊಟ ಮಾತ್ರ ಅಕ್ಕನ ಮನೆಯಲ್ಲೇ. ಅವನು ಮದುವೆಯಾಗಿರಲಿಲ್ಲ. "ಪಕ್ಕದಲ್ಲಿ ಮಲಗಿದವಳ ಗೊರಕೆಗೂ ಮೈಕು ಹಿಡಿಯೋನಿಗೆ ಯಾರೋ ಹೆಣ್ಣು ಕೊಡ್ತಾರೆ?" ಎಂದು ಅಕ್ಕನೇ ನಗುತ್ತಿದ್ದಳು. ಬಾತಮ್ಮನ ಆ ಕಂತು ಹೋದ ವಾರ ಅವನು ಬಂದಾಗ ಅಕ್ಕ ಬಾಗಿಲಲ್ಲೇ ತಡೆದಳು. "ಆ ಪೆಟ್ಟಿಗೆ ಹೊರಗಿಟ್ಟು ಬಾ."

"ಯಾಕಕ್ಕ?"

"ಒಳಗೆ ಜಾಗ ಇಲ್ಲ."

ಅಂದಿನಿಂದ ಹದಿನೇಳು ವರ್ಷ ರೆಕಾರ್ಡರ್ ಹೊಸ್ತಿಲಾಚೆ ಚಪ್ಪಲಿಯ ಪಕ್ಕ ಕೂತಿತು. ಪೆಟ್ಟಿಗೆ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ ಕೊನೆಗೆ ಅಂಗೈಯಷ್ಟಾಯಿತು. ಜಾಗವಿಲ್ಲ ಎಂಬ ಮಾತು ಮಾತ್ರ ಬದಲಾಗಲಿಲ್ಲ. ಜಗತ್ತಿನ ಸದ್ದನ್ನೆಲ್ಲ ಹಿಡಿಯುವ ಕಿವಿ ಆ ಒಂದು ಮಾತನ್ನು ಹಿಡಿಯಲಿಲ್ಲ.

ಈಗ ಆ ಮಕ್ಕಳು ದೊಡ್ಡವರಾಗಿದ್ದಾರೆ. ಗಡ್ಡ ಬಂದಿದೆ, ಕೆಲಸ ಸಿಕ್ಕಿದೆ. ಹೆದರಿಕೆಯನ್ನೂ ಪಟ್ಟಿ ಮಾಡಿ ನಂಬರು ಕೊಡುವ ಕಾಲ. ಟಿವಿಯವರು 'ಹೆದರಿಸಬಾರದ ಕಡೆ ಹೆದರಿಸಿದ ಇಪ್ಪತ್ತು ದೃಶ್ಯಗಳು' ಎಂದು ಜನರಿಂದ ವೋಟು ಹಾಕಿಸಿದರು. ನಗೆಸಿನಿಮಾವೊಂದರಲ್ಲಿ ಮದುಮಗನ ಕುರ್ಚಿಯ ಕೆಳಗೆ ಯಾರದೆಂದು ಗೊತ್ತಾಗದ ಒಂದು ಕೈ. ಅಡುಗೆ ಸ್ಪರ್ಧೆಯಲ್ಲಿ ಬೆರಳು ಕತ್ತರಿಸಿಕೊಂಡೂ ಕ್ಯಾಮರಾ ನೋಡಿ ನಗುತ್ತಲೇ ಇದ್ದ ಹೆಂಗಸು. ಇವನ್ನೆಲ್ಲ ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂದವಳು ಬಾತಮ್ಮ. ಫೋನಿನ ಗಂಟೆಯಾಗಿ ಆ ಕೂಗನ್ನು ಇಟ್ಟುಕೊಂಡವರಿದ್ದಾರೆ. ಬಸ್ಸಿನಲ್ಲಿ ಯಾರದೋ ಜೇಬಿನಿಂದ ಅಕ್ಕ ಕೂಗಿದಾಗ ಸದ್ದಣ್ಣ ಎರಡು ನಿಲ್ದಾಣ ಮೊದಲೇ ಇಳಿದು ನಡೆದ.

ಸಂದರ್ಶನಕ್ಕೆ ಬಂದ ವರದಿಗಾರ್ತಿ ಚುರುಕಿನ ಹುಡುಗಿ. "ಸರ್, ನಿಮ್ಮನ್ನ ಬೆಳೆಸಿದ ಅಕ್ಕನ ಅಂಗಡೀಲೇ ಶೂಟ್ ಮಾಡೋಣ. ಅಲ್ಲೇ ಮಡಕೆ, ಚರ್ಮ ಎಲ್ಲ ಇಟ್ಟು ಮಾಡಿ ತೋರಿಸಿಬಿಡಿ. ಫ್ಯಾಮಿಲಿ ಫೀಲ್ ಬರುತ್ತೆ." ಬೇಡ ಎನ್ನಲು ಅವನ ಬಳಿ ಕಾರಣವಿರಲಿಲ್ಲ. ಇದ್ದ ಕಾರಣವನ್ನು ಹೇಳುವ ಹಾಗಿರಲಿಲ್ಲ.

ಬುಧವಾರ ಮಧ್ಯಾಹ್ನ ಎಲ್ಲರೂ ಅಕ್ಕನ ಮುಂಗೋಣೆಯಲ್ಲಿ ತುಂಬಿಕೊಂಡರು. ಅದೇ ಯಂತ್ರ, ಅದೇ ಮೇಜು. ಮೇಜಿನ ಮೇಲೆ ಹಳೆಯ ಕಪ್ಪು ಫೋನು, ಸಂಪರ್ಕ ಕಡಿದು ವರ್ಷಗಳಾಗಿದ್ದರೂ, ಗುಂಡುಸೂಜಿಯ ಡಬ್ಬಿಗೆ ಒರಗಿಕೊಂಡೇ ಇತ್ತು. ಪ್ಯಾಂಟು ಉದ್ದ ಮಾಡಿಸಲು ಬಂದಿದ್ದ ಬ್ಯಾಂಕಿನ ವಾಚ್‌ಮನ್ ಎದ್ದು ಹೋಗದೆ ಮೂಲೆಯ ಸ್ಟೂಲಿನಲ್ಲಿ ಭದ್ರವಾಗಿ ಕೂತ. ಟಿವಿಯಲ್ಲಿ ತಾನೂ ಬಂದರೆ ಬರಲಿ ಎಂದು.

"ಅಮ್ಮ, ಆ ಬಾತಮ್ಮನ ಸೀನ್ ನೀವು ನೋಡಿದ್ರಾ? ಹೆದರಿಕೆ ಆಯ್ತಾ?" ವರದಿಗಾರ್ತಿ ಮೈಕು ಹಿಡಿದಳು.

ಅಕ್ಕ ಕನ್ನಡಕದ ಮೇಲಿಂದ ನೋಡಿದಳು. ಅರವತ್ತಾಗಿತ್ತು ಅವಳಿಗೆ. "ಒಂದು ಸಲ ನೋಡಿದೀನಿ. ಇವನು ಹೇಗೆ ಮಾಡಿದ ಅಂತ ತೋರಿಸ್ಲಿ ಮೊದ್ಲು. ನಾನೂ ನೋಡೇ ಇಲ್ಲ."

ಸದ್ದಣ್ಣ ಮಡಕೆ ತೊಡೆಯ ಮೇಲಿಟ್ಟುಕೊಂಡ. ನೆನೆಸಿದ ಚರ್ಮವನ್ನು ಬಿಗಿದ. ಎಳೆದ. ಮುದಿ ನಾಯಿಯ ಆಕಳಿಕೆಯಂಥದೊಂದು ಹೊರಟಿತು. ವಾಚ್‌ಮನ್ ಕಿಸಕ್ಕನೆ ನಕ್ಕ. "ನಮ್ಮ ಮ್ಯಾನೇಜರ್ರು ಎದ್ದೇಳೋವಾಗ ಹಿಂಗೇ ಬರ್ತದೆ ನೋಡಿ." ಕ್ಯಾಮರಾದವನ ಭುಜವೂ ಕುಣಿಯಿತು.

"ಎಷ್ಟೋ ವರ್ಷ ಆಯ್ತು, ಕೈ ತಪ್ಪಿದೆ," ಎಂದ ಸದ್ದಣ್ಣ. ಮತ್ತೊಮ್ಮೆ ಎಳೆದ. ನೆತ್ತಿಯಿಂದ ಬೆವರಿಳಿಯಿತು. ಅಕ್ಕ ನಗಲಿಲ್ಲ. ಅವನ ಮುಖ ಬಿಟ್ಟು ಹೆಬ್ಬೆರಳನ್ನೇ ನೋಡುತ್ತಿದ್ದಳು, ಗಿರಾಕಿ ತಂದ ಬಟ್ಟೆಯ ಹರುಕನ್ನು ನೋಡುವ ಹಾಗೆ.

"ಚೆನ್ನಾಗಿ ಮಾಡ್ತೀಯ," ಎಂದಳು ಕೊನೆಗೆ. "ಆದ್ರೆ ಕಡೇಲಿ ಒಂದು ಟಕ್ ಅಂತ ಸದ್ದು ಇದ್ಯಲ್ಲ, ಅದು ಮಡಕೇಲಿ ಎಲ್ಲಿಂದ ಬಂತು?"

ಸದ್ದಣ್ಣನ ಕೈ ನಿಂತಿತು. ಕೂಗಿನ ಕೊನೆಗೆ ಒಂದು ಟಕ್ ಇತ್ತು, ನಿಜ. ಅಕ್ಕನ ಕೈಯಿಂದ ಜಾರಿದ ರಿಸೀವರು ಮೇಜಿನ ಕಾಲಿಗೆ ಬಡಿದದ್ದು. ಎಷ್ಟು ಕತ್ತರಿಸಿದರೂ ಕೂಗಿನ ಬಾಲಕ್ಕೆ ಅಂಟಿಕೊಂಡು ಬಂದದ್ದು. ಲಕ್ಷ ಜನ ಕೇಳಿದ್ದರು, ಬಾತಮ್ಮನ ಕೊಕ್ಕು ಮುಚ್ಚಿದ ಸದ್ದು ಅಂದುಕೊಂಡಿದ್ದರು.

"ಕೊಕ್ಕು ಅಲ್ವಾ ಅಮ್ಮ ಅದು?" ಎಂದಳು ವರದಿಗಾರ್ತಿ.

"ಇರಬಹುದು," ಎಂದಳು ಅಕ್ಕ. ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡಳು. "ಆಯ್ತಲ್ಲ? ನಂಗೆ ಕೆಲಸ ಇದೆ."

ಅವರೆಲ್ಲ ತಂತಿ ಸುತ್ತಿಕೊಂಡು, ವಾಚ್‌ಮನ್ನನ ಮಾತನ್ನೂ ಎರಡು ನಿಮಿಷ ಹಿಡಿದುಕೊಂಡು ಹೊರಟರು. ವಾಚ್‌ಮನ್ ಪ್ಯಾಂಟನ್ನೇ ಮರೆತು ಅವರ ಹಿಂದೆ ಹೋದ. ಕೋಣೆಯಲ್ಲಿ ಉಳಿದವರು ಅಕ್ಕ, ತಮ್ಮ, ಮಡಕೆ.

"ಯಾವತ್ತು ಗೊತ್ತಾಯ್ತು?" ಸದ್ದಣ್ಣನ ಧ್ವನಿ ಅವನಿಗೇ ಕೇಳಿಸಲಿಲ್ಲ.

"ಟಿವೀಲಿ ಬಂದ ದಿನಾನೇ. ಪಕ್ಕದ್ಮನೆ ಇಸ್ತ್ರಿಯವಳ ಮೊಮ್ಮಗು ಇಲ್ಲೇ ಕೂತು ನೋಡ್ತಿತ್ತು. ನಾನು ಕಾಲರ್ ಹೊಲೀತಿದ್ದೆ." ಅಕ್ಕ ಮರೆತುಹೋದ ಪ್ಯಾಂಟಿನ ಅಂಚು ಬಿಚ್ಚತೊಡಗಿದಳು. "ನನ್ನ ಧ್ವನಿ ನಂಗೆ ಗೊತ್ತಾಗ್ಲಿಲ್ಲ ಕಣೋ. ಯಾರಿಗೆ ತಾನೇ ಗೊತ್ತಾಗತ್ತೆ. ಆ ಟಕ್ ಗೊತ್ತಾಯ್ತು."

"ಹದಿನೇಳು ವರ್ಷ ನೀನು ಒಂದು ಮಾತೂ..."

"ನೀನು ಹೇಳ್ತೀಯ ಅಂತ ಇದ್ದೆ. ಮೊದಲನೇ ವಾರ ಹೇಳ್ತೀಯ ಅಂದ್ಕೊಂಡೆ. ಆಮೇಲೆ ಮುಂದಿನ ವಾರ ಅಂದ್ಕೊಂಡೆ. ಅಕ್ಕ, ಬೇರೆ ದಾರಿ ಇರ್ಲಿಲ್ಲ, ಹಾಕ್ಬಿಟ್ಟೆ ಅಂದಿದ್ರೆ ಎರಡು ಬಯ್ದು ಅನ್ನ ಹಾಕ್ತಿದ್ದೆ. ನೀನು ಮಡಕೆ ಅಂದೆ. ಪೇಪರ್ನೋರಿಗೆ ಮಡಕೆ ಅಂದೆ, ಪಾಠಕ್ಕೆ ಬಂದೋರಿಗೆ ಮಡಕೆ ಅಂದೆ. ಇವತ್ತು ನನ್ನೆದುರೇ ಕೂತ್ಕೊಂಡು ಮಡಕೆ ಎಳೆದ್ಯಲ್ಲೋ. ನಾಚಿಕೆ ಆಗಲ್ವಾ?"

ಭೂಮಿ ಬಾಯಿ ಬಿಟ್ಟಿದ್ದರೆ ಸಾಕಿತ್ತು. ನೆಲ ಸಿಮೆಂಟಿನದು, ಗಟ್ಟಿಯಾಗಿಯೇ ಇತ್ತು.

"ಒಂದೇ ಕೇಳ್ತೀನಿ," ಎಂದಳು ಅಕ್ಕ. "ಆವತ್ತು ನೀನು ಆ ಬಾಗಿಲ ಹಿಂದೇನೇ ಇದ್ದೆ. ಆದ್ರೆ ಮೊದಲು ಬಂದು ನನ್ನ ಹಿಡ್ಕೊಂಡೋಳು ಪಕ್ಕದ್ಮನೆ ಇಸ್ತ್ರಿಯವಳು. ಬೀದಿಯಿಂದ ಓಡಿಬಂದಳು. ಪಾಪ, ನಮ್ಮ ಹುಡುಗ ದಂಗಾಗಿ ಕೂತುಬಿಟ್ಟಿದ್ದ ಅಂತ ನಾನೇ ಎಲ್ಲರಿಗೂ ಹೇಳಿದೀನಿ. ಹೌದಾ?"

ಹೌದು ಎಂದರೆ ಮುಗಿಯುತ್ತಿತ್ತು. ಅವಳೇ ಇಪ್ಪತ್ತಾರು ವರ್ಷದಿಂದ ಹೊಲಿದು ಇಟ್ಟ ಅಂಗಿ ಅದು. ತೊಟ್ಟುಕೊಳ್ಳುವುದಷ್ಟೇ ಬಾಕಿ. ಸದ್ದಣ್ಣ ಮಡಕೆಯನ್ನು ಕೆಳಗಿಟ್ಟ.

"ದಂಗಾಗಿರ್ಲಿಲ್ಲ ಅಕ್ಕ. ನೀನು ಕೂಗಿದಾಗ ಮುಳ್ಳು ಕೆಂಪು ಗೆರೆಗೆ ಹೋಯ್ತು."

"ಯಾವ ಮುಳ್ಳು?"

"ರೆಕಾರ್ಡರಿನದು. ಸದ್ದು ಜಾಸ್ತಿಯಾದ್ರೆ ಕೆಂಪಿಗೆ ಹೋಗತ್ತೆ, ಆಗ ಧ್ವನಿ ಒಡೆಯತ್ತೆ. ನಾನು... ಗುಂಡಿ ತಿರುಗಿಸಿ ಎರಡು ಗೆರೆ ಇಳಿಸಿದೆ. ಒಡೀಬಾರ್ದು ಅಂತ. ಆಮೇಲೆ ಪೂರ್ತಿ ನಿಲ್ಲೋವರೆಗೆ ಕಾದೆ. ಆಮೇಲೆ ಎದ್ದು ಬಂದೆ. ನಾನು ಬಾಗಿಲು ತೆಗೆದ ಸದ್ದೂ ಆ ರೀಲಲ್ಲಿದೆ. ನೀನು ಕೂಗಿದ ಮೇಲೆ ನಲವತ್ತೊಂದು ಸೆಕೆಂಡು."

ಅಕ್ಕನ ಕೈಯಲ್ಲಿದ್ದ ದಾರ ನಿಂತಿತು. ಅವಳು ಅಡುಗೆಮನೆಯ ಬಾಗಿಲನ್ನು ನೋಡಿದಳು. ಮೂರು ಹೆಜ್ಜೆ. ಮಗು ಕೂಡ ಎರಡೆಣಿಸುವುದರೊಳಗೆ ದಾಟುವಷ್ಟು ದೂರ.

ಪ್ಯಾಂಟನ್ನು ಮಡಿಲಿಂದ ಸರಿಸಿ ಹೇಳಿದಳು. "ಆ ಹುಡುಗಿಗೆ ಫೋನ್ ಮಾಡು. ಮಡಕೆ ಅಲ್ಲ ಅಂತ ಹೇಳು. ಈಗ್ಲೇ, ನನ್ನೆದುರಿಗೆ."

ಅವನು ಮಾಡಿದ. ಸ್ಪೀಕರಿಗೆ ಹಾಕು ಎಂದಳು ಅಕ್ಕ, ಹಾಕಿದ. ತಡವರಿಸುತ್ತಾ ಹೇಳಿದ. ಅದು ನಮ್ಮಕ್ಕನ ಕೂಗು. ಭಾವ ಸತ್ತ ಸುದ್ದಿ ಬಂದಾಗಿನದು. ನಾನು ಸುಳ್ಳು ಹೇಳಿದ್ದೆ.

ಆ ಕಡೆ ಅವಳು ಯಾರಿಗೋ ಗಾಡಿ ನಿಲ್ಲಿಸಲು ಹೇಳಿದಳು. ಆಮೇಲೆ, "ಅಯ್ಯೋ ದೇವರೇ! ಸರ್, ಇದು ಅದಕ್ಕಿಂತ ಭಯಂಕರ! ಮೈ ಜುಮ್ ಅಂತಿದೆ ನಂಗೆ. ಮಡಕೆ ತೆಗೆದುಹಾಕಿ ಇದನ್ನೇ ಹಾಕ್ತೀವಿ. ಪೂರ್ತಿ ಟೇಪ್ ಇದ್ಯಾ ಸರ್? ಫೋನ್ ಬಂದಲ್ಲಿಂದ? ಇಷ್ಟು ಹಳೇದು, ಕ್ವಾಲಿಟಿ ಹೇಗಿದೆ?"

"ಕ್ವಾಲಿಟಿ ತುಂಬಾ ಚೆನ್ನಾಗಿದೆ," ಎಂದ ಸದ್ದಣ್ಣ. "ಒಂದು ಚೂರೂ ಒಡೆದಿಲ್ಲ."

ಮಾತು ಹಲ್ಲು ದಾಟಿಯಾಗಿತ್ತು. ನಿರ್ದೇಶಕರ ಜೊತೆ ಮಾತಾಡುವಾಗಿನ ಧ್ವನಿ ಅದು, ಒಳ್ಳೆಯ ಸರಕು ಇಟ್ಟುಕೊಂಡವನ ಧ್ವನಿ. ಅವನಿಗೇ ಸ್ಪಷ್ಟವಾಗಿ ಕೇಳಿಸಿತು. ತಲೆ ಎತ್ತಿ ನೋಡುವ ಧೈರ್ಯವಾಗಲಿಲ್ಲ. "ಕೊಡಲ್ಲ," ಎಂದು ಫೋನಿಗೆ ಕೂಗಿದ, "ಕೊಡಲ್ಲಮ್ಮ, ಒರೆಸಿಹಾಕ್ತೀನಿ," ಎಂದ. ಆ ಹುಡುಗಿ ಸರ್ ಸರ್ ಎನ್ನುತ್ತಿರುವಾಗಲೇ ಇಟ್ಟುಬಿಟ್ಟ. ತಡವಾಗಿತ್ತು. ಯಾವತ್ತಿನ ಹಾಗೆ.

ಅಕ್ಕ ಎದ್ದಳು. ಯಂತ್ರದ ಮುಂದೆ ಕೂತು ವಾಚ್‌ಮನ್ನನ ಪ್ಯಾಂಟನ್ನು ಸೂಜಿಯ ಕೆಳಗೆ ಸರಿಸಿ ಕಾಲಾಡಿಸಿದಳು. ಇಲ್ಲಿ ಇನ್ನು ಕೂರಬೇಡ ಎಂದು ಹೇಳಿದಂತೆಯೂ ಇರಲಿಲ್ಲ, ಕೂರು ಎಂದಂತೆಯೂ ಇರಲಿಲ್ಲ. ಸದ್ದಣ್ಣ ಎದ್ದು ಹೊರಗೆ ಬಂದ. ಹೊಸ್ತಿಲಾಚೆ, ಚಪ್ಪಲಿಗಳ ಪಕ್ಕ, ಬಿಸಿಲಿಗೆ ಕಾದು ಪೆಟ್ಟಿಗೆ ಕೂತಿತ್ತು. ಜಾಗವಿಲ್ಲ ಎಂದರೇನೆಂದು ಈಗ ತಿಳಿಯಿತು. ಅದು ಪೆಟ್ಟಿಗೆಗೆ ಹೇಳಿದ ಮಾತಾಗಿರಲಿಲ್ಲ.

ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿದ. ಒಳಗೆ ಯಂತ್ರ ಓಡುತ್ತಿತ್ತು. ಹತ್ತು ಹೊಲಿಗೆ, ಇಪ್ಪತ್ತು ಹೊಲಿಗೆ. ಸಟ್ಟನೆ ನಿಂತಿತು.

ಅವನು ಎಣಿಸಲಿಲ್ಲ. ಒಂದೇ ಚಪ್ಪಲಿಯಲ್ಲಿ, ಹೊಸ್ತಿಲು ಎಡವಿ, ಬಾಗಿಲಿಗೆ ಭುಜ ಬಡಿಸಿಕೊಂಡು ಒಳಗೆ ನುಗ್ಗಿದ. "ಅಕ್ಕ!"

ಅಕ್ಕ ಸೂಜಿಯ ಕಡೆ ಬಗ್ಗಿ ಕೂತಿದ್ದಳು. ತುಂಡಾದ ದಾರದ ತುದಿ ಅವಳ ಬೆರಳಲ್ಲಿತ್ತು. ಅವನನ್ನು, ಅವನ ಒಂದೇ ಚಪ್ಪಲಿಯನ್ನು, ಮೇಲಿಂದ ಕೆಳಗೆ ನೋಡಿದಳು.

"ದಾರ ತುಂಡಾಯ್ತು, ಅಷ್ಟೇ," ಎಂದಳು. ಆಮೇಲೆ, "ಹೇಗೂ ಬಂದ್ಯಲ್ಲ, ಪೋಣಿಸಿಕೊಡು. ನಂಗೆ ಕಣ್ಣು ಕಾಣಲ್ಲ."

ಸದ್ದಣ್ಣ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು ಮೊಣಕಾಲೂರಿದ. ಸೂಜಿಯ ಕಣ್ಣು ನೇರವಾಗಿ ಎದುರಿಗೇ ಇತ್ತು. ದಾರ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಅಕ್ಕ ಕಾದಳು, ಸಹಾಯ ಮಾಡಲಿಲ್ಲ. ಕೈ ನಡುಗುತ್ತಿತ್ತು. ಆವತ್ತು ಗುಂಡಿ ಹಿಡಿದು, ಕೂದಲೆಳೆಯಷ್ಟೂ ಅಲುಗದೆ, ಎರಡೇ ಎರಡು ಗೆರೆ ಇಳಿಸಿದ ಕೈ.